ಹಡಗಿನಲ್ಲಿ ಸಾಯಲು ಬಿಡದ ಭದ್ರಮ್ಮ

ಭದ್ರಮ್ಮ ಮಂಡ್ಯ ಸೀಮೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ನರ್ಸಮ್ಮನಾಗಿ ದುಡಿದವಳು. ಈಗ ಎಪ್ಪತ್ತೊಂದು ವಯಸ್ಸು. ಅಮೆರಿಕದ ಡ್ಯಾನ್‌ವಿಲ್‌ನಲ್ಲಿ ಮಗಳು ಸಿಂಧುವಿನ ಮನೆಯಲ್ಲಿದ್ದಾಳೆ. ವಾರದಲ್ಲಿ ಆರು ದಿನ ಈ ಕಾಲದಲ್ಲೇ ಇರುತ್ತಾಳೆ. ಗುರುವಾರ ಮಾತ್ರ ಬೆಳಿಗ್ಗೆ ಹತ್ತಕ್ಕೆ ೧೮೫೧ನೇ ಇಸವಿಗೆ ಹೋಗಿ, ಅಲ್ಲಿ ಕೆಲಸ ಮುಗಿಸಿ, ಮಧ್ಯಾಹ್ನ ಎರಡಕ್ಕೆ ವಾಪಸು ಹೊರಡುತ್ತಾಳೆ.

ನನಗೆ ಆಕೆ ಪರಿಚಯವಾದದ್ದು ಊರಲ್ಲಿ, ರಸ್ತೆಯ ಮೇಲೆ. ಕಬ್ಬಿನ ಬೆಲೆಗೆಂದು ನಾವು ಏಳು ಜನ ಹೆದ್ದಾರಿ ಪಕ್ಕ ಉಪವಾಸ ಕೂತಿದ್ದೆವು. ಐದನೇ ದಿನ ಬೆಳಿಗ್ಗೆ ಒಂದು ಬಕೆಟ್ಟು, ಒಂದು ಸೌಟು ಹಿಡಿದು ಬಂದಳು. "ಸಾಯದಾದ್ರೆ ಪಕ್ಕದ ತಾಲ್ಲೂಕಿಗೆ ಓಗಿ ಸಾಯ್ರಿ. ನನ್ ಸರಹದ್ದಲ್ಲಿ ಬ್ಯಾಡ. ವರದಿ ಬರಿಯೋಳು ನಾನು," ಎಂದಳು. ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿದ್ದ ನಮ್ಮ ಮುಖಂಡರು ಸುಮ್ಮನೆ ಬಾಯಿ ತೆರೆದರು. ಉಪ್ಪು ಸಕ್ಕರೆ ಕಲಸಿದ ನೀರು ಕುಡಿದರೆ ಉಪವಾಸ ಮುರಿದಂತಾಗುತ್ತದೋ ಇಲ್ಲವೋ ಎಂಬ ಚರ್ಚೆ ಆಮೇಲೆ ಮೂರು ಸಭೆಗಳಲ್ಲಿ ನಡೆಯಿತು. ಈಗ ನನ್ನ ಮಗಳ ಮನೆ ಡ್ಯಾನ್‌ವಿಲ್‌ಗೆ ಹತ್ತಿರದ ಪ್ಲೆಸೆಂಟನ್‌ನಲ್ಲಿರುವುದರಿಂದ ಮತ್ತೆ ಸಿಕ್ಕಳು. ಮುಂದೆ ಬರೆಯುವುದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಆಕೆಯ ಬಾಯಿಂದ ಬಂದದ್ದು.

ಅಲಮೇಡಾದ ಒಂದು ಹಳೇ ಹಡಗುಕಟ್ಟೆಯಲ್ಲಿ 'ಕ್ಲಾರಾ ಹೋಪ್' ಎಂಬ ಮರದ ಹಾಯಿಹಡಗನ್ನು ಕಟ್ಟಿಹಾಕಿದ್ದಾರೆ. ೧೮೫೧ರ ಸುಮಾರಿಗೆ, ಚಿನ್ನ ಸಿಕ್ಕಿತೆಂಬ ಸುದ್ದಿ ನಂಬಿದ ಬಡವರನ್ನು ಜರ್ಮನಿಯಿಂದ ತುಂಬಿಕೊಂಡು, ದಕ್ಷಿಣ ಅಮೆರಿಕದ ತುದಿ ಬಳಸಿ, ಐದಾರು ತಿಂಗಳಿಗೆ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತಿದ್ದ ಹಡಗುಗಳ ನಕಲು ಅದು. ನಾಲ್ಕನೇ ತರಗತಿಯ ಮಕ್ಕಳು ಶಾಲೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಹತ್ತುವಾಗ ಪ್ರತಿ ಮಗುವಿಗೂ ಒಂದು ಚೀಟಿ. ಅದರಲ್ಲಿ ಒಬ್ಬ ಪ್ರಯಾಣಿಕನ ಹೆಸರು, ವಯಸ್ಸು, ತಗಲುವ ರೋಗ, ಬದುಕುತ್ತಾನೋ ಸಾಯುತ್ತಾನೋ ಎಲ್ಲ ಅಚ್ಚಾಗಿರುತ್ತದೆ. ಇಪ್ಪತ್ತೇಳು ಮಕ್ಕಳಿದ್ದರೆ ಒಂಬತ್ತು ಸಾಯಬೇಕು. ಸತ್ತವರು ಹಾಯಿಬಟ್ಟೆ ಹೊದ್ದು ಹಲಗೆಯ ಮೇಲೆ ಮಲಗಬೇಕು. ಕಪ್ತಾನ ಟೋಪಿ ತೆಗೆದು ನಾಲ್ಕು ಸಾಲು ಓದಿ ಗಂಟೆ ಬಾರಿಸಿದರೆ ಸಮುದ್ರಕ್ಕೆ ಹಾಕಿದಂತೆ. ಆಮೇಲೆ ಊಟದ ಡಬ್ಬಿ. ಮನೆಯವರು ದುಡ್ಡು ಕಟ್ಟಿ, ಒಪ್ಪಿಗೆಪತ್ರಕ್ಕೆ ಸಹಿ ಹಾಕಿ, ಮಕ್ಕಳನ್ನು ಭೇದಿಯಿಂದ ಸಾಯಲು ಕಳಿಸುವ ದೇಶ ಇದೊಂದೇ ಇರಬೇಕು.

ಮೊಮ್ಮಗ ಅನುರಾಗನ ತರಗತಿ ಹಡಗಿಗೆ ಹೊರಟಾಗ ಜತೆಗೊಬ್ಬರು ದೊಡ್ಡವರು ಬೇಕಾಗಿತ್ತು. ಸಿಂಧುಗೆ ಮೀಟಿಂಗಿತ್ತು, ಅಳಿಯ ಊರಲ್ಲಿರಲಿಲ್ಲ. ಅಜ್ಜಿ ಹೋಗಬೇಕಾದರೆ ಮೊದಲು ಕ್ಷಯ ಇಲ್ಲವೆಂದು ಪರೀಕ್ಷೆ ಮಾಡಿಸಿ ಎಂದಿತು ಶಾಲೆ. ಸಾವಿರಾರು ಜನರ ಕಫದ ಡಬ್ಬಿ ಹೊತ್ತು ತಾಲ್ಲೂಕು ಆಸ್ಪತ್ರೆಗೆ ಬಸ್ಸಿನಲ್ಲಿ ಹೋದವಳು, ಮುಂಗೈ ಚಾಚಿ ಚುಚ್ಚಿಸಿಕೊಂಡಳು. "ಸೂಜಿ ಇಡಿಯದು ಕಲಿತಿಲ್ಲ ಆ ಉಡುಗಿ," ಎಂದದ್ದು ಬಿಟ್ಟರೆ ಬೇರೆ ತಕರಾರು ಮಾಡಲಿಲ್ಲ.

ಅನುರಾಗನಿಗೆ ಸಿಕ್ಕ ಚೀಟಿ: ಯೋಹಾನ್, ಒಂಬತ್ತು ವರ್ಷ, ಭೇದಿ, ನಾಲ್ಕನೇ ವಾರದಲ್ಲಿ ಸಾವು. ಹುಡುಗ ಖುಷಿಯಾಗಿ ಹೋಗಿ ಮಲಗಿದ. ಭದ್ರಮ್ಮ ಬೆಂಚಿನಿಂದ ಎದ್ದು ಬಂದು ಹಾಯಿಬಟ್ಟೆ ಎತ್ತಿದಳು.

"ಅಜ್ಜೀ, ಐ ಆಮ್ ಡೆಡ್," ಅಂದ ಅನುರಾಗ.

"ಸತ್ತೋರು ಮಾತಾಡಾಕಿಲ್ಲ. ಎದ್ ಕುಂತ್ಕೊ. ಎಷ್ಟು ದಪ ಓದೆ?"

"ವಾಟ್?"

"ಕಕ್ಕಸ್ಸಿಗೆ ಎಷ್ಟು ದಪ ಓದೆ ಅಂದೆ ಕನ್ಲಾ."

ಅನುರಾಗ ಚೀಟಿ ತಿರುವಿ ನೋಡಿ, "ಟ್ವೆಲ್ವ್ ಟೈಮ್ಸ್," ಅಂದ.

ಭದ್ರಮ್ಮ ಅವನ ಅಂಗಿ ಎತ್ತಿ ಹೊಟ್ಟೆಯ ಚರ್ಮ ಜಿಗುಟಿ ಬಿಟ್ಟಳು. ಒಡಲಲ್ಲಿ ನೀರು ಬತ್ತಿದ್ದರೆ ಜಿಗುಟಿದ ಚರ್ಮ ಮಡಿಕೆಯಾಗಿಯೇ ನಿಲ್ಲುತ್ತದೆ. ಅದು ತಟ್ಟನೆ ಕೂತಿತು. "ಈ ಮಗ ಸಾಯಾಕಿಲ್ಲ," ಎಂದು ಇಡೀ ಹಡಗಿಗೆ ಸಾರಿದಳು.

ಹಡಗಿನ ಶಾಲಾ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವಳು ರಂಜನಿ, ಬೆಂಗಳೂರಿನವಳು, ನಲವತ್ತರ ಆಸುಪಾಸು. ಕನ್ನಡ ಕಿವಿಗೆ ಬಿದ್ದು ಓಡಿಬಂದಳು.

"ಆಂಟಿ, ಇದು ಬರೀ ಆಕ್ಟಿವಿಟಿ. ಆ ಕಾಲದಲ್ಲಿ ಅವರಿಗೆ ಟ್ರೀಟ್‌ಮೆಂಟು ಗೊತ್ತಿರ್ಲಿಲ್ಲ."

"ಉಪ್ಪಿತ್ತಾ?"

"ಇತ್ತು."

"ಸಕ್ಕರೆ?"

"ಮೊಲಾಸಸ್ ಇತ್ತು ಆಂಟಿ. ಅದೇ, ಕಪ್ಪಗೆ, ಸಕ್ಕರೆ ತೆಗೆದ ಮೇಲೆ ಉಳಿಯೋ ಪಾಕ."

"ಕಾಕಂಬಿನಾ. ನಮ್ ಕಡೆ ಪ್ಯಾಕ್ಟ್ರಿ ಇಂದೆ ಮೋರೀಲಿ ಅರಿಯೋದು. ನೀರು ಕಾಯ್ಸಕ್ಕೆ ಒಲೆ?"

"ಒಲೆನೂ ಇತ್ತು."

"ಎಲ್ಲ ಇಟ್ಕೊಂಡು ಗೊತ್ತಿರ್ಲಿಲ್ಲ ಅನ್ಬ್ಯಾಡ ಕನವ್ವ. ಯಾರೂ ತಿರುಗಿ ನೋಡ್ಲಿಲ್ಲ ಅನ್ನು."

ರಂಜನಿಗೆ ಸ್ವಯಂಸೇವಕರ ಬರಗಾಲ. ವಾರದ ನಡುವೆ ಬಿಡುವಾಗಿ ಸಿಗುವವರೆಂದರೆ ಮಕ್ಕಳ ಮನೆಯಲ್ಲಿ ಕೂತ ಅಪ್ಪ ಅಮ್ಮಂದಿರು ಮಾತ್ರ. ಅಡುಗೆಯವಳ ಪಾತ್ರಕ್ಕೆ ಗುರುವಾರ ಬರ್ತೀರಾ ಎಂದು ಕೇಳಿದಳು. ಮುಂದಿನ ಗುರುವಾರವೇ ಭದ್ರಮ್ಮ ಸೀರೆಯ ಮೇಲೆ ಕಂದು ಗೌನು, ತುರುಬಿನ ಮೇಲೆ ಬಿಳೀ ಟೋಪಿ ತೊಟ್ಟು ಒಲೆಯ ಮುಂದೆ ಕೂತಳು. ಕೊರಳಿನ ಚೀಟಿಯಲ್ಲಿ ವಿಧವೆ ಬ್ರಾಂಟ್ ಎಂದಿತ್ತು. ಬಂದು ಎಂಟು ವರ್ಷದಲ್ಲಿ ಈ ದೇಶ ಆಕೆಗೆ ಕೊಟ್ಟ ಮೊದಲ ಕೆಲಸ ಅದು. ಸಂಬಳವಿಲ್ಲ. ಆದರೆ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿದ್ದರು. ಡ್ಯಾನ್‌ವಿಲ್‌ನಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ. ಅಲ್ಲಿ ಆಕೆ ಎಲ್ಲಿಗೂ ಹೋಗುತ್ತಿರಲಿಲ್ಲವಲ್ಲ.

ಕಪ್ತಾನ ತಿರುಮಲೇಶ. ಮೈಸೂರಿನ ಅಯ್ಯಂಗಾರರು, ಸರ್ಕಾರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು, ಪ್ಲೆಸೆಂಟನ್‌ನಲ್ಲಿ ಮಗನ ಮನೆ. ಬಿಳಿಯ ಗಡ್ಡ ಇದ್ದದ್ದೇ ಅವರ ಅರ್ಹತೆ. ಕಟ್ಟಿಹಾಕಿದ ಹಡಗಿನಲ್ಲೂ ಅವರಿಗೆ ತಲೆ ಸುತ್ತುತ್ತಿತ್ತು, ಕೋಟಿನ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು. ಭದ್ರಮ್ಮನನ್ನು ದಾರಿಯಲ್ಲಿ ಹತ್ತಿಸಿಕೊಂಡು ಕಾರಿನಲ್ಲಿ ಕರೆದೊಯ್ಯುತ್ತಿದ್ದವರು ಅವರೇ.

ಮೊದಲ ಗುರುವಾರ ಒಂಬತ್ತು ಸಾಯಬೇಕಾದಲ್ಲಿ ಆರು ಸತ್ತರು. ಎರಡನೇ ವಾರ ಮೂರು. ಒಂದು ಚೊಂಬು ಕಾದಾರಿದ ನೀರು, ಒಂದು ಹಿಡಿ ಸಿಹಿ, ಮೂರು ಬೆರಳ ಚಿಟಿಕೆ ಉಪ್ಪು, ಕಣ್ಣೀರಿಗಿಂತ ಉಪ್ಪಾಗಬಾರದು ಎಂದು ರುಚಿ ನೋಡಿ ಬಂಡಿಗಟ್ಟಲೆ ಮಕ್ಕಳಿಗೆ ಕುಡಿಸಿದಳು. ಬಿಂದಿಗೆಯಾದರೆ ಹಿಡಿಯೂ ಅಷ್ಟಕ್ಕೇ ಹೆಚ್ಚು. ಊಟಕ್ಕೆ ಮುಂಚೆ ಕೈ ತೊಳೆಯಲು ಎಲ್ಲರಿಗೂ ಬೂದಿ. ಒಸಡು ಕೊಳೆಯುವ ರೋಗದ ಚೀಟಿ ಬಂದವರಿಗೆ ಮನೆಯಿಂದ ತಂದ ನಿಂಬೆಕಾಯಿ ಉಪ್ಪಿನಕಾಯಿ. ಖಾರಕ್ಕೆ ಆ ಮಕ್ಕಳು ಕಣ್ಣು ಮೂಗು ಸುರಿಸಿಕೊಂಡು, ಅದಕ್ಕಿಂತ ಸಾಯುವುದೇ ವಾಸಿ ಎಂದು ಬೇಡಿಕೊಂಡರೂ ಬಿಡಲಿಲ್ಲ. ಹಡಗಿನ ಜ್ವರ ಹೇನಿನಿಂದ ಹರಡುವುದು ಎಂದು ತಿರುಮಲೇಶ ಪುಸ್ತಕ ನೋಡಿ ಹೇಳಿದ್ದೇ ತಪ್ಪಾಯಿತು. ಮರುವಾರ ಸೀರಣಿಗೆ ತಂದು ಮಕ್ಕಳನ್ನು ಸಾಲಾಗಿ ಕೂರಿಸಿ ತಲೆ ಬಾಚಿದಳು. ಮೂರು ತಲೆಗಳಲ್ಲಿ ನಿಜವಾಗಿಯೂ ಹೇನು ಸಿಕ್ಕವು. ಶಾಲೆ ಒಂದು ದಿನ ಗದ್ದಲವಾಯಿತು. ಅದುವರೆಗೆ ಚೀಟಿಯಲ್ಲಿ ಮಾತ್ರ ರೋಗವಿದ್ದ ಹಡಗಿನಲ್ಲಿ ಮೊದಲ ಸಲ ಅಸಲಿ ರೋಗಲಕ್ಷಣ ಪತ್ತೆಯಾಗಿತ್ತು. ಅದಕ್ಕೆ ಯಾರೂ ಆಕೆಗೆ ಕೈ ಮುಗಿಯಲಿಲ್ಲ.

ನಾಲ್ಕನೇ ವಾರದಿಂದ ಸಾವೇ ನಿಂತುಹೋಯಿತು. ತಿರುಮಲೇಶರು ಟೋಪಿ ತೆಗೆದು ಓದಲು ಹೆಣವಿಲ್ಲದೆ, ಖಾಲಿ ಹಲಗೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಟೋಪಿ ಮತ್ತೆ ಹಾಕಿಕೊಳ್ಳುತ್ತಿದ್ದರು.

ತೊಂದರೆ ಬಂದದ್ದು ಪರೀಕ್ಷೆಯಿಂದ. ವಲಸೆ ಹಡಗುಗಳಲ್ಲಿ ಜನ ಸತ್ತದ್ದೇಕೆ ಎಂದು ಒಂದು ಶಾಲೆಯಲ್ಲಿ ಪ್ರಶ್ನೆ ಕೊಟ್ಟರು. ಯಾರೂ ಸಾಯಲಿಲ್ಲ, ಅಡುಗೆಯಾಕೆ ಬಿಡಲಿಲ್ಲ ಎಂದು ಇಡೀ ತರಗತಿ ಬರೆಯಿತು. ಟೀಚರು ದೂರು ಕೊಟ್ಟಳು. ಶಾಲೆಗಳ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬಂದು ನೋಡುವುದೆಂದು ಗೊತ್ತಾಯಿತು. ಪಾಠದಲ್ಲಿ ಚರಿತ್ರೆ ಸುಳ್ಳಾಗಿದೆ ಎಂದು ಆಕೆ ಬರೆದರೆ ಶಾಲೆಗಳು ಬರುವುದು ನಿಲ್ಲುತ್ತಿತ್ತು. ಅದಕ್ಕಿಂತ ಮೊದಲು ಅಡುಗೆಯವಳ ಗೌನು ಬಿಚ್ಚಿಸುವುದು ಖಂಡಿತವಿತ್ತು.

ರಂಜನಿ ಒಲೆಯ ಪಕ್ಕ ಬಂದು ಕೂತಳು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಆವತ್ತೊಂದಿನ ಒಂಬತ್ತು ಜನ ಸಾಯ್ಲಿ. ಇಲ್ಲಾಂದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ ಕೈಲಾಗಲ್ಲ."

"ಒಂಬತ್ತೇ ಯಾಕೆ? ಒಂದಿಬ್ರು ಸಾಲದಾ?"

"ಒಂಬತ್ತೇ ಆಗ್ಬೇಕು. ಲೆಸನ್ ಪ್ಲ್ಯಾನಲ್ಲಿದೆ."

"ಆಟ ಅಂತ ನಂಗೂ ಗೊತ್ತು ಕನವ್ವ. ನಾನೇನ್ ಬುದ್ಧಿ ಇಲ್ದೋಳಾ. ಮಗ ಮಲ್ಗಿದ್ರೆ ಕೈ ಸುಮ್ಕಿರಾಕಿಲ್ಲ, ಅಷ್ಟೇಯ."

"ಆವತ್ತು ಕೈ ಕಟ್ಕೊಂಡು ಕೂತ್ಕೊಳ್ಳಿ."

ಭದ್ರಮ್ಮ ಕಾಕಂಬಿಯ ಪೀಪಾಯಿಗೆ ಮುಚ್ಚಳ ಹಾಕಿದಳು. ಮನೆಗೆ ಹೋಗಿ ಗುರುವಾರವೂ ಡಿಶ್‌ವಾಷರ್ ತುಂಬುವುದು ಹೇಗಿರುತ್ತದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. "ಆಯ್ತು ಬುಡು," ಎಂದಳು.

ಅಧಿಕಾರಿಣಿಯಾಗಿ ಬಂದದ್ದು ಎತ್ತರದ, ಬೂದುಗೂದಲ ಹೆಂಗಸು, ಕಾಲಿಗೆ ಓಡುವ ಬೂಟು, ಕೈಯಲ್ಲಿ ರಟ್ಟಿನ ಪ್ಯಾಡು. ನಾನೂ ಅಂದು ಹಿಂದಿನ ಬೆಂಚಿನಲ್ಲಿದ್ದೆ. ಭದ್ರಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಒಂಬತ್ತು ಮಕ್ಕಳು ಒಬ್ಬೊಬ್ಬರಾಗಿ ಬೆವರಿ, ನರಳಿ, ನಾಲಗೆ ಹೊರಗೆ ಹಾಕಿ ಸತ್ತರು. ಒಬ್ಬ ಸತ್ತ ಮೇಲೂ ಎರಡು ಸಲ ನರಳಿದ. ತಿರುಮಲೇಶರಿಗೆ ಬಹಳ ದಿನದ ಮೇಲೆ ಹೆಣ ಸಿಕ್ಕಿತ್ತು, ಟೋಪಿ ತೆಗೆದು ನಾಲ್ಕು ಸಾಲನ್ನು ಎಂಟಾಗಿ ಓದಿ ಗಂಟೆ ಬಾರಿಸಿದರು. ಅಧಿಕಾರಿಣಿ ತಲೆಯಾಡಿಸಿ ಏನೋ ಬರೆದುಕೊಂಡಳು. ಮಕ್ಕಳು ಊಟದ ಡಬ್ಬಿಗೆ ಕೈ ಹಾಕಿದರು.

ಆಗ ಭದ್ರಮ್ಮ ಎದ್ದು ಬೆಂಚನ್ನು ದರದರ ಎಳೆದು ಹೆಣಗಳ ಮುಂದೆ ಹಾಕಿ ಕೂತಳು.

"ರಂಜನಿ, ಆಯಮ್ಮಂಗೆ ಹೇಳವ್ವ. ಸತ್ತದ್ದಾಯ್ತು. ಈಗ ವಿಚಾರಣೆ ಆಗ್ಬೇಕು."

"ಏನ್ ವಿಚಾರಣೆ ಆಂಟಿ?" ಎಂದು ರಂಜನಿ ಓಡಿಬಂದಳು.

ನಮ್ಮ ಕಡೆ ಸಣ್ಣ ಮಗು ಸತ್ತರೆ ಅದೊಂದು ಕ್ರಮವಿತ್ತು. ಡಾಕ್ಟರು, ನರ್ಸಮ್ಮ, ಅಂಗನವಾಡಿಯವಳು ಆ ಮನೆಯ ಜಗುಲಿಯಲ್ಲಿ ಕೂತು ಕೇಳಿ ಬರೆಯುವರು: ರೋಗ ಯಾವತ್ತು ಬಂತು, ಯಾರಿಗೆ ಹೇಳಿದಿರಿ, ಅವರೇನು ಮಾಡಿದರು, ಎಲ್ಲಿ ತಡವಾಯಿತು. ಕೊನೆಯ ಪ್ರಶ್ನೆ, ಈ ಸಾವನ್ನು ತಪ್ಪಿಸಬಹುದಿತ್ತೇ. ಭದ್ರಮ್ಮ ಅಂಥ ಹದಿನಾಲ್ಕು ಜಗುಲಿಗಳಲ್ಲಿ ಕೂತಿದ್ದಳು. ಒಂದರಲ್ಲಿ ಉತ್ತರ ಹೇಳುವ ಕಡೆಗೆ ಕೂತಿದ್ದಳು. ಬಸ್ಸು ತಪ್ಪಿ ಒಂದು ದಿನ ತಡವಾಗಿ ಹೋಗಿದ್ದಳಂತೆ. ಅದರ ಬಗ್ಗೆ ಅದಕ್ಕಿಂತ ಹೆಚ್ಚು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

"ಸಾಯ್ಬ್ಯಾಡ ಅಂದ್ರೆ ಚರಿತ್ರೆ ಕೆಡ್ತದೆ ಅಂದ್ರಿ, ಒಪ್ಕೊಂಡೆ," ಎಂದಳು. "ಯಾಕ್ ಸತ್ರಿ ಅಂತ ಕೇಳುದ್ರೆ ಏನ್ ಕೆಡ್ತದೆ? ಎದ್ದೇಳವ್ವ ನೀನು, ಎರಡು ಜಡೆ."

ರಂಜನಿ ಬೇರೆ ದಾರಿ ಕಾಣದೆ ಇಂಗ್ಲಿಷಿಗೆ ತಿರುಗಿಸಿದಳು. ಹಾಯಿಬಟ್ಟೆ ಸರಿಸಿ ಎರಡು ಜಡೆಯ ಹುಡುಗಿ ಎದ್ದು ಕೂತಳು. ಚೀಟಿ ನೋಡಿ ನೋಡಿ ಹೇಳಿದಳು: ನಾನು ಕೆಳಗಿನ ಅಂತಸ್ತಿನಲ್ಲಿದ್ದೆ, ಒಂದು ಹಾಸಿಗೆಗೆ ನಾಲ್ವರು, ನೀರು ಹಸಿರಾಗಿತ್ತು, ಬಿಸ್ಕತ್ತಿನಲ್ಲಿ ಹುಳ. ಪಕ್ಕದ ಹೆಣ ಎದ್ದು, ನಮ್ಮ ಅಂತಸ್ತಿನಲ್ಲಿ ಕಿಟಕಿ ಇರಲಿಲ್ಲ ಎಂದಿತು. ಮೂರನೆಯದು, ನಾನು ಎರಡು ದಿನ ಕೂಗಿದೆ ಎಂದಿತು. ಅದು ಚೀಟಿಯಲ್ಲಿರಲಿಲ್ಲ.

"ಕಪ್ತಾನರು ಯಾರು?" ಎಂದಳು ಭದ್ರಮ್ಮ, ವಾರ ವಾರವೂ ಅವರ ಕಾರಿನಲ್ಲೇ ಬಂದರೂ.

"ಭದ್ರಮ್ಮನವರೇ, ಏನಿದೆಲ್ಲ," ಎಂದರು ತಿರುಮಲೇಶ.

"ಕಪ್ತಾನರು ಯಾರು ಅಂದೆ."

"ನಾನೇ."

"ಈ ಮಗ ಎರಡು ದಿನ ಕೂಗ್ತಲ್ಲ, ಏನ್ ಮಾಡ್ತಿದ್ರಿ ಸ್ವಾಮಿ?"

"ನೋಡಿ, ಅದು ದೈವೇಚ್ಛೆ."

"ದೇವ್ರನ್ನ ಆಮೇಲೆ ಕರೆಸ್ತೀನಿ. ನೀವ್ ಹೇಳಿ."

"ಡಾಕ್ಟರು ಇರಲಿಲ್ಲ. ಕಂಪನಿಯವರು ಕೊಡಲಿಲ್ಲ. ನೂರು ಜನ ಹಿಡಿಸೋ ಕಡೆ ಇನ್ನೂರು ಟಿಕೆಟ್ ಮಾರಿದ್ದು ಅವರು."

"ಟಿಕೀಟು ನೋಡಿ ಅತ್ತಿಸ್ಕೊಂಡೋರು ಯಾರು?"

ತಿರುಮಲೇಶರು ಕೋಟಿನೊಳಗೆ ಕೈ ಹಾಕಿದರು. ಜೇಬಿನ ನಿಂಬೆಹಣ್ಣು ತೆಗೆದು ಮೂಸಿದರು. "ಮೂವತ್ತೈದು ವರ್ಷ ಸರ್ವೀಸಿನಲ್ಲಿ ನಾನು ಒಂದು ಮೆಮೋ ತಗೊಂಡೋನಲ್ಲ," ಎಂದರು. ಅದನ್ನೂ ರಂಜನಿ ಇಂಗ್ಲಿಷಿಗೆ ತಿರುಗಿಸಿದಳು.

"ಕಯ್ಯಾಗೆ ನಿಂಬೆಅಣ್ಣು ಇಟ್ಕೊಂಡವ್ರೆ," ಎಂದಳು ಭದ್ರಮ್ಮ, ಹೆಣಗಳಿಗೆ ತೋರಿಸುತ್ತ. "ಒಸಡು ಕೊಳ್ತು ಸತ್ತೋರು ಯಾರ್ಯಾರು, ಕೈ ಎತ್ರಿ."

ಎರಡು ಕೈ ಎದ್ದವು. ಬದುಕಿದ್ದ ಹದಿನೆಂಟು ಮಕ್ಕಳು ಸ್ಯಾಂಡ್‌ವಿಚ್ ಬಿಟ್ಟು ಸುತ್ತ ನಿಂತಿದ್ದರು. ಯಾರೋ "ಶೇಮ್" ಎಂದರು, ಇನ್ನೊಬ್ಬರು ಸೇರಿಕೊಂಡರು. ನನಗೂ ಬಾಯಿ ತುರಿಸಿತು, ಹಳೇ ಅಭ್ಯಾಸ. ತಡೆದುಕೊಂಡೆ.

"ತಪ್ಪಿಸ್ಬೋದಿತ್ತಾ ಸ್ವಾಮಿ?"

ತಿರುಮಲೇಶ ನಿಂಬೆಹಣ್ಣನ್ನು ಜೇಬಿಗೆ ಹಾಕಿ, "ತಪ್ಪಿಸಬಹುದಿತ್ತು," ಎಂದರು. ಅಧಿಕಾರಿಣಿ ಪ್ಯಾಡಿನ ಮೇಲೆ ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಅವರ ಕಾರಿನಲ್ಲಿ ನಾನೂ ಇದ್ದೆ, ಹಿಂದಿನ ಸೀಟಿನಲ್ಲಿ. ಸುರಂಗ ದಾಟಿದ ಮೇಲೆ ತಿರುಮಲೇಶ, "ಹಡಗಿನಲ್ಲಿ ನೀರು ರೇಷನ್ ಮಾಡಿದ್ದಕ್ಕೆ ನನ್ನ ಹತ್ತಿರ ಕಾರಣ ಇತ್ತು. ನೀವು ಕೇಳಲೇ ಇಲ್ಲ," ಎಂದರು.

"ಬರೆದು ತನ್ನಿ," ಎಂದಳು ಭದ್ರಮ್ಮ.

ವರದಿ ಬರುವವರೆಗೆ ಹಡಗಿಗೆ ಬರಬೇಡಿ ಎಂದು ರಂಜನಿ ಫೋನು ಮಾಡಿದಳು. ಮೊದಲ ಗುರುವಾರ ಭದ್ರಮ್ಮ ಹತ್ತು ಗಂಟೆಗೆ ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಕೂತು, ಹನ್ನೊಂದಕ್ಕೆ ಬಿಚ್ಚಿದಳು. ಎರಡನೇ ಗುರುವಾರ ಸಿಂಧು ಆಫೀಸಿನಿಂದ ಬಂದಾಗ ಭದ್ರಮ್ಮ, ತೊಳೆದ ಪಾತ್ರೆಗಳನ್ನೆಲ್ಲ ತೆಗೆದು ಮತ್ತೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಬಾರ್ಬೆಕ್ಯೂ ಒಲೆಯ ಬೂದಿ.

"ಏನಮ್ಮಾ ಇದು, ನಾನ್‌ಸ್ಟಿಕ್ಕು ಹಾಳಾಗುತ್ತೆ."

"ಆಳಾಗ್ಲಿ. ನಾನೂ ಆಳಾಯ್ತಾ ಇಲ್ವಾ," ಎಂದಳಂತೆ ತಾಯಿ. ಸಿಂಧು ಅವತ್ತು ಹೊರಗಿನಿಂದ ಊಟ ತರಿಸಿದಳು.

ಮೂರನೇ ವಾರ ಕಾಗದ ಬಂತು. ಸಾವುಗಳು ಒಂಬತ್ತೇ ಇರತಕ್ಕದ್ದು. ಹೇನು ಹುಡುಕತಕ್ಕದ್ದಲ್ಲ. ಸತ್ತವರ ವಿಚಾರಣೆಯನ್ನು ಪಾಠದ ಭಾಗವಾಗಿ ಸೇರಿಸತಕ್ಕದ್ದು, ಅದನ್ನು ಅಡುಗೆಯಾಕೆಯೇ ನಡೆಸತಕ್ಕದ್ದು. ಭದ್ರಮ್ಮ ಕೊನೆಯ ಸಾಲನ್ನು ಅನುರಾಗನಿಂದ ಎರಡು ಸಲ ಓದಿಸಿಕೊಂಡು, ಒಳಗೆ ಹೋಗಿ ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಹುಡುಕಿದಳು. ಉಪ್ಪಿನಕಾಯಿ ಬೇಡವೆಂದು ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಶುರುವಾದದ್ದು ಯಾರೂ ಎಣಿಸದ ಕಾಟ. ಸತ್ತರೆ ಕಪ್ತಾನನನ್ನು ಜಾಡಿಸಬಹುದು ಎಂಬ ಸುದ್ದಿ ಫ್ರೀಮಾಂಟಿನಿಂದ ಸ್ಯಾನ್ ಹೊಸೆವರೆಗೆ ನಾಲ್ಕನೇ ತರಗತಿಗಳಲ್ಲೆಲ್ಲ ಹಬ್ಬಿತು. ತಿರುಮಲೇಶರು ಟೈಪು ಮಾಡಿಸಿದ ಸಮಜಾಯಿಷಿಗಳ ಫೈಲು ಹಿಡಿದು ಬರುತ್ತಿದ್ದರು. ಅದನ್ನು ಹರಿದುಹಾಕುವ ಆಸೆ ಎಲ್ಲ ಮಕ್ಕಳಿಗೂ. ಮೊನ್ನೆ ನಾನು ಹೋದಾಗ ಇಪ್ಪತ್ತಾರು ಮಕ್ಕಳಿದ್ದರು. ಬದುಕುವ ಚೀಟಿ ಸಿಕ್ಕವರೆಲ್ಲ ಅದನ್ನು ಹಿಂದಕ್ಕೆ ಕೊಟ್ಟು ಸಾಯುವ ಚೀಟಿಗೆ ಜಗಳ ತೆಗೆದಿದ್ದರು. ಗಂಟೆ ಬಾರಿಸುವುದಕ್ಕೆ ಮೊದಲೇ ಇಪ್ಪತ್ತೈದು ಜನ ಹಾಯಿಬಟ್ಟೆಯ ಕೆಳಗೆ ಸೇರಿ ಜಾಗಕ್ಕೆ ಗುದ್ದಾಡುತ್ತಿದ್ದರು.

"ಭದ್ರಮ್ಮನವರೇ, ಹಗ್ಗ ಎಳೆಯೋಕಾದರೂ ನಾಲ್ಕು ಜನ ಬದುಕಬೇಕಲ್ಲ," ಎಂದರು ತಿರುಮಲೇಶ.

ಭದ್ರಮ್ಮ ಗೌನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೆಣಗಳ ನಡುವೆ ನಡೆದು ಒಬ್ಬೊಬ್ಬರನ್ನೇ ಬೇಡಿಕೊಂಡಳು. ಯಾರೂ ಏಳಲಿಲ್ಲ. ಇನ್ನೂ ಸಾಯದೆ ಉಳಿದವಳು ಕನ್ನಡಕದ ಒಬ್ಬ ಹುಡುಗಿ, ಚೀಟಿ ಹಿಡಿದು ಯೋಚಿಸುತ್ತಿದ್ದಳು. ಬದುಕಿದರೆ ಏನು ಮಾಡಬೇಕಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರಂಜನಿ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ನೀರು ಕಾಯ್ಸಬೇಕು. ಪಾತ್ರೆ ತೊಳೀಬೇಕು. ಇವ್ರಿಗೆಲ್ಲ ಕುಡಿಸ್ಬೇಕು," ಎಂದಳು ಭದ್ರಮ್ಮ.

ರಂಜನಿ ಹೇಳಿದ್ದನ್ನು ಕೇಳಿ ಹುಡುಗಿ ಚೀಟಿ ಮಡಚಿಟ್ಟು, ಹಾಯಿಬಟ್ಟೆಯ ಕಡೆ ಹೆಜ್ಜೆ ಹಾಕಿದಳು. ಭದ್ರಮ್ಮ ಅವಳ ರಟ್ಟೆ ಹಿಡಿದು ಒಲೆಯ ಕಡೆ ತಿರುಗಿಸಿದಳು.

"ಸಾಯದು ಆಮ್ಯಾಕೆ ನೋಡಣ. ಮೊದ್ಲು ಆ ಬಿಂದಿಗೆ ತತ್ತಾ."